ಡ್ಯಾಶ್‌ಹಂಡ್ ಬೆನ್ನು ಮತ್ತೆ ಹಿಡಿದರೆ: ದೋಷ ಎಲ್ಲಿದೆ, ಎಷ್ಟಿದೆ ಅಂತ ಪತ್ತೆ ಮಾಡುವುದು

ಒಮ್ಮೆಯಾದರೂ ಡಿಸ್ಕ್ (ಬೆನ್ನುಮೂಳೆಗಳ ನಡುವಿನ ಮೆತ್ತೆ) ತೊಂದರೆ ಬಂದು ಹೋದ, ಗಿಡ್ಡ ಕಾಲಿನ ಉದ್ದ ಬೆನ್ನಿನ ನಾಯಿ ತಳಿಯಾದ ಡ್ಯಾಶ್‌ಹಂಡ್ ಸಾಕುತ್ತಿರುವವರಿಗಾಗಿ ಇದನ್ನು ಬರೆದಿದ್ದೇನೆ. ಮೊದಲ ಸಲ ನಾವೆಲ್ಲ ಹೆದರಿ ನೇರ ಡಾಕ್ಟರ ಹತ್ತಿರ ಓಡುತ್ತೇವೆ. ಎರಡನೇ ಸಲ, ಮೂರನೇ ಸಲಕ್ಕೆ ಧೈರ್ಯ ಬಂದಿರುತ್ತದೆ. "ಅದೇ ಹಳೇ ನೋವು, ಹೋದ ಸಲದ ಮಾತ್ರೆ ಉಳಿದಿದೆ, ಎರಡು ದಿನ ಕೊಟ್ಟು ನೋಡೋಣ" ಅನ್ನುತ್ತೇವೆ. ಆ ಧೈರ್ಯ ಒಳ್ಳೆಯದಲ್ಲ. ಹೋದ ಸಲ ಕೆಟ್ಟಿದ್ದು ಒಂದು ಡಿಸ್ಕ್, ಈ ಸಲ ಕೆಟ್ಟಿದ್ದು ಇನ್ನೊಂದು ಇರಬಹುದು. ಹೋದ ಸಲ ಬರೀ ನೋವಿತ್ತು, ಈ ಸಲ ಬೆನ್ನುಹುರಿಗೇ ಒತ್ತು ಬಿದ್ದಿರಬಹುದು. ಹಾಗಾಗಿ ಪ್ರತಿ ಸಲವೂ ಸೊನ್ನೆಯಿಂದ ಪರೀಕ್ಷೆ ಶುರು ಮಾಡಬೇಕು.

ನಮ್ಮ ಮನೆಯ ಶೇಂಗಾ (ಬಣ್ಣ ನೋಡಿ ಇಟ್ಟ ಹೆಸರು) ಈ ಕಾಯಿಲೆಯ ಹಳೇ ಗಿರಾಕಿ. ರಾತ್ರಿ ಹೊತ್ತು ಫೋನ್ ಮಾಡಿದರೆ ಅವಳ ಡಾಕ್ಟರು ಕೇಳುವುದು ಎರಡೇ ಪ್ರಶ್ನೆ: "ಮೇಡಂ, ನಡೀತಾ ಇದಾಳಾ? ಉಚ್ಚೆ ಹೋದಳಾ?" ನೋವು ಎಷ್ಟಿದೆ ಅಂತ ಅವರು ಮೂರನೆಯದಾಗಿ ಕೇಳುತ್ತಾರೆ. ಈ ಕೈಪಿಡಿಯಲ್ಲೂ ಆ ಎರಡಕ್ಕೇ ಹೆಚ್ಚು ಮಹತ್ವ.

ಓದುವುದು ಬಿಟ್ಟು ಈಗಲೇ ಹೊರಡಬೇಕಾದ ಸಂದರ್ಭ

ಹಿಂಗಾಲು ಊರಿ ನಿಲ್ಲಲು ಆಗುತ್ತಿಲ್ಲ. ಅಥವಾ ಬೆಳಿಗ್ಗೆ ಸ್ವಲ್ಪ ತೂರಾಡುತ್ತಿದ್ದ ನಾಯಿ ಮಧ್ಯಾಹ್ನಕ್ಕೆ ಕಾಲು ಎಳೆಯುತ್ತಿದೆ. ಅಥವಾ ಕಳೆದ 12 ಗಂಟೆಗಳಲ್ಲಿ ಒಮ್ಮೆಯೂ ಉಚ್ಚೆ ಹೋಗಿಲ್ಲ. ಅಥವಾ ಹಿಂಗಾಲು ಸೋತು, ಮುಂಗಾಲು ಮಾತ್ರ ಕೋಲಿನ ಹಾಗೆ ಸೆಟೆದುಕೊಂಡಿದೆ. ಇವುಗಳಲ್ಲಿ ಯಾವುದೇ ಒಂದಿದ್ದರೂ ಬೆಳಗಾಗಲಿ ಅಂತ ಕಾಯಬೇಡಿ. ಇಲ್ಲಿ ಗಂಟೆಗಳ ಲೆಕ್ಕ ನಡೆಯುತ್ತದೆ, ದಿನಗಳದ್ದಲ್ಲ.

ಸಾಗಿಸುವಾಗ ಬೆನ್ನು ನೆಲಕ್ಕೆ ಸಮಾನಾಂತರವಾಗಿ ಇರಬೇಕು. ಒಂದು ಕೈ ಎದೆಯ ಕೆಳಗೆ, ಇನ್ನೊಂದು ಕೈ ಹಿಂಭಾಗದ ಕೆಳಗೆ. ಕಂಕುಳಿಗೆ ಕೈ ಹಾಕಿ ಮಗುವನ್ನು ಎತ್ತುವ ಹಾಗೆ ಎತ್ತಲೇಬಾರದು. ದಪ್ಪ ರಟ್ಟು, ಮಣೆ, ಹಣ್ಣಿನ ಕ್ರೇಟು, ಏನು ಸಿಕ್ಕಿದರೂ ಸರಿ, ಕೆಳಗೆ ಗಟ್ಟಿಯಾಗಿ ಚಪ್ಪಟೆಯಾಗಿ ಇರಬೇಕು. ಟವೆಲ್ ಸುರುಳಿ ಮಾಡಿ ಎರಡೂ ಪಕ್ಕಕ್ಕೆ ಇಡಿ. ಸ್ಕೂಟರಿನ ಫುಟ್‌ಬೋರ್ಡ್ ಮೇಲೆ ನಿಲ್ಲಿಸಿಕೊಂಡು ಹೋಗುವ ಅಭ್ಯಾಸ ನಮ್ಮೂರಲ್ಲಿ ಜಾಸ್ತಿ. ಬೆನ್ನು ಹಿಡಿದ ನಾಯಿಗೆ ಒಂದೊಂದು ರೋಡ್ ಹಂಪೂ ಒಂದೊಂದು ಹೊಡೆತ. ಆಟೋ ಅಥವಾ ಕಾರು ಕರೆಯಿರಿ.

ಒಳಗೆ ಕೆಡುವುದು ಏನು?

ಬೆನ್ನುಮೂಳೆಗಳ ನಡುವೆ ಇರುವ ಡಿಸ್ಕನ್ನು ಕಡುಬು ಅಂದುಕೊಳ್ಳಿ. ಹೊರಗೆ ಗಟ್ಟಿ ಕಣಕ, ಒಳಗೆ ಮೆತ್ತನೆ ಹೂರಣ. ಸಾಮಾನ್ಯ ನಾಯಿಗಳಲ್ಲಿ ನಾಯಿ ಮುದಿಯಾಗುವ ತನಕ ಹೂರಣ ಮೆತ್ತಗೇ ಇರುತ್ತದೆ. ಡ್ಯಾಶ್‌ಹಂಡ್‌ನಲ್ಲಿ ಒಂದು ವರ್ಷ ತುಂಬುವ ಮೊದಲೇ ಒಣಗಲು ಶುರುವಾಗಿ, ಎಷ್ಟೋ ಸಲ ಸುಣ್ಣ ಕಟ್ಟಿಕೊಳ್ಳುತ್ತದೆ. ಆಮೇಲೆ ಒಂದು ದಿನ ಕಣಕ ಸೀಳಿ ಆ ಒಣ ಚೂರು ಮೇಲಕ್ಕೆ ಚಿಮ್ಮುತ್ತದೆ. ಮೇಲೆ ಇರುವುದೇ ಬೆನ್ನುಹುರಿ. ಇದನ್ನು ಹ್ಯಾನ್ಸನ್ ಒಂದನೇ ಬಗೆ ಎನ್ನುತ್ತಾರೆ. 1950ರ ದಶಕದ ಆರಂಭದಲ್ಲೇ ಸ್ವೀಡನ್ನಿನ ಹ್ಯಾನ್ಸನ್ ಇದನ್ನು ವಿಂಗಡಿಸಿ ತೋರಿಸಿದರು. ಇಡೀ ಕಾಯಿಲೆಯ ಹೆಸರು ಐವಿಡಿಡಿ, ಅಂದರೆ ಇಂಟರ್ವರ್ಟೆಬ್ರಲ್ ಡಿಸ್ಕ್ ಡಿಸೀಸ್.

ಈ ಒಣಗುವಿಕೆ ನೀವು ಸಾಕಿದ ರೀತಿಯಿಂದ ಬಂದದ್ದಲ್ಲ. ಎಫ್‌ಜಿಎಫ್4 ಎಂಬ ಜೀನಿನ ಒಂದು ಹೆಚ್ಚುವರಿ ನಕಲು ನಾಯಿಯ 12ನೇ ಕ್ರೋಮೋಸೋಮಿನಲ್ಲಿ ಕೂತಿರುವುದೇ ಇದಕ್ಕೆ ಕಾರಣ ಅಂತ 2017ರಲ್ಲಿ ಪತ್ತೆಯಾಯಿತು. ಅದೇ ಜೀನಿನ ಇನ್ನೊಂದು ನಕಲು 18ನೇ ಕ್ರೋಮೋಸೋಮಿನಲ್ಲಿದೆ, ಅದು ಕಾಲು ಗಿಡ್ಡ ಮಾಡುತ್ತದೆ. ಬ್ರೀಡರ್ "ನಮ್ಮ ಲೈನ್ ಕ್ಲೀನ್" ಅಂದರೆ ಯಾವ ಪರೀಕ್ಷೆಯ ಆಧಾರದ ಮೇಲೆ ಅಂತ ಕೇಳಿ. ಸರಿಸುಮಾರು ಐದು ಡ್ಯಾಶ್‌ಹಂಡ್‌ಗಳಲ್ಲಿ ಒಂದಕ್ಕೆ ಜೀವಮಾನದಲ್ಲಿ ಎಂದಾದರೂ ಇದು ಬರುತ್ತದೆ. 3ರಿಂದ 7 ವರ್ಷದ ನಡುವೆ ಜಾಸ್ತಿ.

ಒಡೆಯುವ ಜಾಗವೂ ಹೆಚ್ಚುಕಡಿಮೆ ಗೊತ್ತು. ನಾಯಿಗೆ ಎದೆಯ ಭಾಗದಲ್ಲಿ 13, ಸೊಂಟದಲ್ಲಿ 7 ಬೆನ್ನುಮೂಳೆ. ಈ ಎರಡು ಭಾಗ ಸೇರುವ ಕಡೆ, ಅಂದರೆ ಕೊನೆಯ ಪಕ್ಕೆಲುಬಿನ ಆಚೀಚೆ, ಬಹುಪಾಲು ಡಿಸ್ಕ್ ಒಡೆಯುತ್ತವೆ. ಎದೆಯ ಭಾಗದ ಬೆನ್ನುಮೂಳೆಯಲ್ಲಿ ಮುಂದಿನ ಕಡೆ, ಎರಡೂ ಬದಿಯ ಪಕ್ಕೆಲುಬುಗಳನ್ನು ಜೋಡಿಸುವ ಪಟ್ಟಿಯೊಂದು ಡಿಸ್ಕಿನ ಮೇಲೆ ಹಾದುಹೋಗುವುದರಿಂದ ಅಲ್ಲಿ ಅಪರೂಪ. ಇನ್ನುಳಿದದ್ದು ಕುತ್ತಿಗೆ.

ನಿಜವಾಗಿ ಬೆನ್ನೇನಾ?

ನಾಯಿ ಬೆನ್ನು ನೋವು ಅಂತ ಹೇಳುವುದಿಲ್ಲ. ಸೋಫಾ ಮುಂದೆ ಹೋಗಿ ನಿಂತು, ಹತ್ತದೆ, ನಿಮ್ಮ ಮುಖ ನೋಡುತ್ತದೆ. ಬೆನ್ನು ಸ್ವಲ್ಪ ಗೂನು ಮಾಡಿ ನಿಲ್ಲುತ್ತದೆ. ಚಳಿಯಿಲ್ಲದಿದ್ದರೂ ನಡುಗುತ್ತದೆ. ಹೊಟ್ಟೆ ಮುಟ್ಟಿದರೆ ಹಲಗೆಯಷ್ಟು ಗಟ್ಟಿ. ಮೈ ಕೊಡವಲು ಶುರು ಮಾಡಿ ಅರ್ಧಕ್ಕೇ ನಿಲ್ಲಿಸುತ್ತದೆ. ಈ ಕೊನೆಯದನ್ನು ಯಾರೂ ಅಷ್ಟಾಗಿ ಗಮನಿಸುವುದಿಲ್ಲ. ಶೇಂಗಾಳ ವಿಷಯದಲ್ಲಿ ಎಲ್ಲಕ್ಕಿಂತ ಮೊದಲು ಕಾಣುವ ಸೂಚನೆ ಅದೇ. ನಿದ್ದೆಯಿಂದ ಎದ್ದವಳು ಕಿವಿ ಪಟಪಟ ಅನ್ನಿಸುತ್ತಾಳೆ, ಅಲೆ ಹೆಗಲ ತನಕ ಬರುತ್ತದೆ, ಸೊಂಟಕ್ಕೆ ಹೋಗುವುದಿಲ್ಲ.

ಇವೇ ಸೂಚನೆ ಬೇರೆ ಕಾರಣಕ್ಕೂ ಬರುತ್ತವೆ. ಬೆನ್ನಿನ ಹಳೇ ಇತಿಹಾಸ ಇರುವ ನಾಯಿಯಲ್ಲಿ ಎಲ್ಲವನ್ನೂ ಬೆನ್ನಿನ ಮೇಲೇ ಹಾಕಿಬಿಡುತ್ತೇವೆ. ಅದಕ್ಕೇ ಇಲ್ಲಿ ಸ್ವಲ್ಪ ನಿಲ್ಲಿ.

ಮೊದಲು ಜ್ವರ ನೋಡಿ. ಡಿಜಿಟಲ್ ಥರ್ಮಾಮೀಟರಿನ ತುದಿಗೆ ಸ್ವಲ್ಪ ವ್ಯಾಸಲಿನ್ ಹಚ್ಚಿ ಗುದದಲ್ಲಿ ಇಟ್ಟು ನೋಡಬೇಕು. ಮೂಗು ಮುಟ್ಟಿ ನೋಡುವುದು ಲೆಕ್ಕಕ್ಕಿಲ್ಲ. ನಾಯಿಗೆ 102.5 ಡಿಗ್ರಿ ಫ್ಯಾರನ್‌ಹೀಟ್ ತನಕ ಮಾಮೂಲಿ. 103 ದಾಟಿದರೆ ನಮ್ಮ ಕಡೆ ಮೊದಲ ಅನುಮಾನ ಉಣ್ಣಿ (ರಕ್ತ ಹೀರುವ ಹುಳ) ಕಚ್ಚಿ ಬರುವ ಜ್ವರದ ಮೇಲೆ. ಕಿವಿಯ ಮಡಿಕೆ, ಬೆರಳಿನ ಸಂದಿ ನೋಡಿ. ಉಣ್ಣಿಯಿಂದ ಹರಡುವ ಎರ್ಲಿಕಿಯಾ, ಬಬೀಸಿಯಾ ಸೋಂಕು ಎರಡರಲ್ಲೂ ನಾಯಿ ಮಂಕಾಗಿ ಏಳಲು ಒಲ್ಲೆ ಅನ್ನುತ್ತದೆ. ರಕ್ತ ಪರೀಕ್ಷೆಯಲ್ಲಿ ಗೊತ್ತಾಗುತ್ತದೆ. ಡಿಸ್ಕಿನ ಜಾಗದಲ್ಲೇ ಸೋಂಕು ಹತ್ತಿದರೂ ನೋವಿನ ಜೊತೆ ಜ್ವರ ಬರಬಹುದು.

ವಾಂತಿ ಇದೆಯಾ? ಹಬ್ಬದ ಎಣ್ಣೆ ಪದಾರ್ಥ ತಿಂದಿದೆಯಾ? ಮೇದೋಜೀರಕ ಗ್ರಂಥಿ ಉರಿಯೂತದಲ್ಲೂ ಗೂನು ಬೆನ್ನು, ಗಟ್ಟಿ ಹೊಟ್ಟೆ ಎರಡೂ ಇರುತ್ತವೆ. ನಾಲ್ಕು ಹೆಜ್ಜೆ ಒಂದು ಕಾಲು ಎತ್ತಿ ಕುಂಟಿ, ಆಮೇಲೆ ಏನೂ ಆಗದ ಹಾಗೆ ಓಡಿದರೆ ಮಂಡಿಚಿಪ್ಪು ಜಾರಿರಬಹುದು. ಆಡುತ್ತಿದ್ದಾಗ ಒಮ್ಮೆ ಕಿರುಚಿ ಕಾಲು ಸೋತು, ಆದರೆ ಆಮೇಲೆ ಬೆನ್ನು ಮುಟ್ಟಿದರೆ ನೋವೇ ಇಲ್ಲ ಅನ್ನುವ ಹಾಗಿದ್ದರೆ ಬೆನ್ನುಹುರಿಯ ರಕ್ತನಾಳ ಕಟ್ಟಿಕೊಂಡಿರುವ ಸಾಧ್ಯತೆಯೂ ಇದೆ. ಇದನ್ನು ಮನೆಯಲ್ಲಿ ತೀರ್ಮಾನಿಸಲು ಆಗುವುದಿಲ್ಲ, ಆಸ್ಪತ್ರೆಗೆ ಹೇಗಿದ್ದರೂ ಹೋಗಬೇಕು.

ಊಟದ ಬಟ್ಟಲು ಇನ್ನೊಂದು ಪರೀಕ್ಷೆ. ಹಸಿವಿದೆ, ಬಟ್ಟಲ ತನಕ ಬರುತ್ತದೆ, ತಲೆ ತಗ್ಗಿಸುವಾಗ ಕುಂಯ್ ಅಂದು ಹಿಂದೆ ಸರಿಯುತ್ತದೆ. ಬಟ್ಟಲನ್ನು ಎದೆಯ ಎತ್ತರಕ್ಕೆ ಹಿಡಿದರೆ ತಿನ್ನುತ್ತದೆ. ಹಾಗಾದರೆ ದೋಷ ಕುತ್ತಿಗೆಯಲ್ಲಿರಬಹುದು. ಒಂದು ಮುಂಗಾಲು ಎತ್ತಿಕೊಂಡಿರುವುದೂ ಕುತ್ತಿಗೆಯ ನರದಿಂದಲೇ ಬರಬಹುದು. ಅಂಥ ನಾಯಿಗೆ ಕತ್ತುಪಟ್ಟಿ ಬೇಡ, ಎದೆಗೆ ಹಾಕುವ ಹಾರ್ನೆಸ್ ಹಾಕಿ. ನಿಜ ಹೇಳಬೇಕೆಂದರೆ ಯಾವ ಡ್ಯಾಶ್‌ಹಂಡ್‌ಗೂ ಕತ್ತುಪಟ್ಟಿಗೆ ಹಗ್ಗ ಹಾಕಿ ಎಳೆಯಬಾರದು.

ಬೆನ್ನನ್ನು ನೀವೇ ಒತ್ತಿ ಒತ್ತಿ ನೋವಿನ ಜಾಗ ಹುಡುಕಲು ಹೋಗಬೇಡಿ. ಅಕ್ಕಪಕ್ಕದವರು ಹೇಳುವ "ಸೊಂಟ ಹಿಡಿದಿದೆ, ಎಳ್ಳೆಣ್ಣೆ ಬಿಸಿ ಮಾಡಿ ತಿಕ್ಕಿ" ಕೂಡ ಬೇಡ. ಒಡೆದ ಡಿಸ್ಕ್ ಮೇಲೆ ಮಾಲೀಷು ಮಾಡಿದರೆ ಉಳಿದ ಚೂರೂ ಹೊರಗೆ ಬರಬಹುದು.

ಎಷ್ಟನೇ ಮೆಟ್ಟಿಲಲ್ಲಿದೆ?

ಡಾಕ್ಟರುಗಳು ಇದನ್ನು 1ರಿಂದ 5ರ ತನಕ ಅಳೆಯುತ್ತಾರೆ. 1 ಅಂದರೆ ನೋವು ಮಾತ್ರ, ನಡಿಗೆ ಸರಿಯಿದೆ. 2, ನಡೆಯುತ್ತದೆ ಆದರೆ ತೂರಾಡುತ್ತದೆ. 3, ಕಾಲು ಆಡಿಸುತ್ತದೆ ಆದರೆ ಎದ್ದು ನಡೆಯಲು ಆಗುವುದಿಲ್ಲ. 4, ಕಾಲು ಆಡುವುದೇ ಇಲ್ಲ, ಆದರೆ ಆಳದ ನೋವು (ಬೆರಳಿನ ಮೂಳೆ ಒತ್ತಿದಾಗಿನ ನೋವು) ಗೊತ್ತಾಗುತ್ತದೆ. 5, ಅದೂ ಗೊತ್ತಾಗುವುದಿಲ್ಲ. ಚಿಕಿತ್ಸೆ ಏನು, ಎಷ್ಟು ಅವಸರ ಅನ್ನುವುದೆಲ್ಲ ಈ ಅಂಕಿಯ ಮೇಲೆ ನಿಂತಿದೆ. ಯಾವ ಕಡೆ ಜಾರುತ್ತಿದೆ ಅನ್ನುವುದು ಇನ್ನೂ ಮುಖ್ಯ.

1ಕ್ಕೂ 2ಕ್ಕೂ ನಡುವಿನ ಗೆರೆ ಕಣ್ಣಿಗೆ ಬೀಳುವುದು ಕಷ್ಟ. ಜಾರದ ಜಾಗದಲ್ಲಿ ನೋಡಬೇಕು. ಟೈಲ್ಸ್ ಮೇಲೆ ಎಲ್ಲ ನಾಯಿಯೂ ತೂರಾಡುತ್ತದೆ. ಯೋಗ ಮ್ಯಾಟ್ ಹಾಸಿ, ಹಿಂದಿನಿಂದ ಹತ್ತು ಹೆಜ್ಜೆ ವಿಡಿಯೋ ಮಾಡಿ. ಕಾಲು ಒಂದಕ್ಕೊಂದು ಕತ್ತರಿ ಹಾಕಿಕೊಳ್ಳುತ್ತಿದೆಯಾ? ಉಗುರು ನೆಲಕ್ಕೆ ಕೆರೆಯುವ ಸದ್ದು ಬರುತ್ತಿದೆಯಾ? ನಡುವಿನ ಎರಡು ಉಗುರಿನ ಮೇಲ್ಮೈ ಸವೆದಿದ್ದರೆ ಕೆಲವು ದಿನಗಳಿಂದಲೇ ಎಳೆಯುತ್ತಿದೆ ಅಂತ ಅರ್ಥ.

ಆಮೇಲೆ ಪಂಜ ಮಡಚುವ ಪರೀಕ್ಷೆ. ನಾಯಿಯನ್ನು ನಿಲ್ಲಿಸಿ, ಒಂದು ಕೈಯನ್ನು ಹೊಟ್ಟೆಯ ಕೆಳಗೆ ಆಸರೆಯಾಗಿ ಇಡಿ. ಇನ್ನೊಂದು ಕೈಯಿಂದ ಹಿಂಗಾಲಿನ ಪಂಜವನ್ನು ಮೆಲ್ಲಗೆ ತಿರುಗಿಸಿ, ಮೇಲ್ಭಾಗ ನೆಲಕ್ಕೆ ತಾಗುವ ಹಾಗೆ ಇಡಿ. ಸರಿಯಿರುವ ಕಾಲಾದರೆ ನೀವು ಬೆರಳು ತೆಗೆಯುವ ಮೊದಲೇ ಟಪ್ ಅಂತ ನೆಟ್ಟಗೆ ಇಟ್ಟುಕೊಳ್ಳುತ್ತದೆ. ನರಕ್ಕೆ ಒತ್ತಿದ್ದರೆ ತಡವಾಗುತ್ತದೆ, ಅಥವಾ ಮಡಚಿದ ಹಾಗೇ ಇಟ್ಟುಕೊಂಡು ನಿಮ್ಮ ಕೈ ನೆಕ್ಕುತ್ತಿರುತ್ತದೆ. ಅದಕ್ಕೆ ತನ್ನ ಕಾಲು ಎಲ್ಲಿದೆ ಅಂತಲೇ ಗೊತ್ತಿಲ್ಲ. ಎರಡೂ ಕಾಲಿಗೆ ಮಾಡಿ, ಗಂಟೆ ಬರೆದಿಡಿ, ನಾಲ್ಕು ಗಂಟೆ ಬಿಟ್ಟು ಮತ್ತೆ ಮಾಡಿ. ಅಂಕಿ ಮೇಲಕ್ಕೆ ಹೋಗುತ್ತಿದ್ದರೆ ಹೊರಡಿ.

ಬಹಳ ಜನ ಎಡವುವ ಜಾಗ ಒಂದಿದೆ. ಕಾಲ್ಬೆರಳು ಚಿವುಟಿದರೆ ಕಾಲು ಹಿಂದಕ್ಕೆ ಎಳೆದುಕೊಂಡಿತು, ಹಾಗಾಗಿ ಸ್ಪರ್ಶ ಇದೆ ಅನ್ನುತ್ತಾರೆ. ಅದು ತಪ್ಪು ಲೆಕ್ಕ. ಕಾಲು ಎಳೆದುಕೊಳ್ಳುವುದು ಬೆನ್ನುಹುರಿಯ ಕೆಳಭಾಗ ತಾನೇ ಮಾಡುವ ಕೆಲಸ, ಮಿದುಳಿಗೆ ಸುದ್ದಿಯೇ ಹೋಗದಿದ್ದರೂ ಅದು ನಡೆಯುತ್ತದೆ. ನಾಯಿ ತಿರುಗಿ ನೋಡಬೇಕು, ಕಿರುಚಬೇಕು, ಕಚ್ಚಲು ಬರಬೇಕು, ಆಗ ಮಾತ್ರ ನೋವು ಗೊತ್ತಾಯಿತು ಅಂತ ಅರ್ಥ. ಈ ಪರೀಕ್ಷೆ ಡಾಕ್ಟರಿಗೇ ಬಿಡಿ. ಅವರು ಇಕ್ಕಳದಲ್ಲಿ ಬೆರಳಿನ ಮೂಳೆಯನ್ನೇ ಒತ್ತಿ ನೋಡುತ್ತಾರೆ. ನೋಡಲು ಕಷ್ಟವಾಗುತ್ತದೆ, ಆದರೆ 4ಕ್ಕೂ 5ಕ್ಕೂ ವ್ಯತ್ಯಾಸ ಹೇಳುವುದು ಅದೊಂದೇ.

ಉಚ್ಚೆ ಹೋಗ್ತಾ ಇದೆಯಾ, ಸೋರ್ತಾ ಇದೆಯಾ?

ಎರಡೂ ಒಂದೇ ಅಲ್ಲ. ಹಾಸಿಗೆ ಒದ್ದೆಯಿದೆ, ಹಾಗಾಗಿ ಉಚ್ಚೆ ಹೋಗಿದೆ ಅಂದುಕೊಳ್ಳುವುದು ಸಹಜ. ಚೀಲ ತುಂಬಿ ತುಳುಕಿದರೂ ಹಾಸಿಗೆ ಒದ್ದೆಯಾಗುತ್ತದೆ. ಎತ್ತಿದಾಗ, ಕೆಮ್ಮಿದಾಗ ನಾಲ್ಕು ಹನಿ ಬೀಳುತ್ತದೆ, ಒಳಗೆ ಗುಂಡಗೆ ಬಿಗಿಯಾಗಿ ತುಂಬಿಕೊಂಡೇ ಇರುತ್ತದೆ. ಹಿಂಗಾಲಿನ ಮುಂದೆ, ಹೊಟ್ಟೆಯ ಹಿಂಭಾಗಕ್ಕೆ ಎರಡೂ ಕಡೆಯಿಂದ ಅಂಗೈ ಇಟ್ಟರೆ ಸಿಗುತ್ತದೆ.

ತಾನಾಗಿ ಉಚ್ಚೆ ಹೋಗಲಾಗದ ನಾಯಿಯ ಮೂತ್ರಚೀಲವನ್ನು ದಿನಕ್ಕೆ ಮೂರು ಸಲವಾದರೂ ಕೈಯಿಂದ ಒತ್ತಿ ಖಾಲಿ ಮಾಡಿಸಬೇಕು. ಇದನ್ನು ಓದಿ ಕಲಿಯಲು ಆಗುವುದಿಲ್ಲ. ಆಸ್ಪತ್ರೆಯಲ್ಲಿ ಡಾಕ್ಟರು ತಮ್ಮ ಕೈಯನ್ನು ನಿಮ್ಮ ಕೈಯ ಮೇಲಿಟ್ಟು ತೋರಿಸಲಿ, ನಾಚಿಕೆ ಬೇಡ. ನಾನು ಕಲಿತದ್ದು ಇಷ್ಟು: ಚಿವುಟಬಾರದು, ಬೆರಳ ತುದಿ ಬಳಸಬಾರದು. ಚಪ್ಪಟೆ ಅಂಗೈಯಲ್ಲಿ ನಿಧಾನಕ್ಕೆ ಒತ್ತಡ ಏರಿಸಿ, ಹಿಂದಕ್ಕೆ, ಬಾಲದ ಕಡೆಗೆ. ಧಾರೆ ಶುರುವಾದ ಮೇಲೆ ಒತ್ತು ಬಿಡಬಾರದು. ಬರದಿದ್ದರೆ ಬಲ ಹಾಕಬಾರದು. ಡಿಸ್ಕ್ ಮಾಮೂಲಿ ಜಾಗದಲ್ಲಿ ಒಡೆದಿದ್ದರೆ ಮೂತ್ರಚೀಲದ ಬಾಯಿ ಬಿಗಿದುಕೊಂಡಿರುತ್ತದೆ, ಅದನ್ನು ಸಡಿಲಿಸಲು ಮಾತ್ರೆ ಇದೆ. ವಾಸನೆ ಬದಲಾದರೆ, ರಕ್ತದ ಬಣ್ಣ ಕಂಡರೆ ಸೋಂಕು ಅಂತ ತಿಳಿದು ಪರೀಕ್ಷೆ ಮಾಡಿಸಿ.

ಮನೆಯ ಔಷಧಿ ಡಬ್ಬಿಯಲ್ಲಿರುವ ಅಪಾಯ

ಮತ್ತೆ ಮತ್ತೆ ಬರುವ ಕಾಯಿಲೆಯಾದ್ದರಿಂದ ಮನೆಯಲ್ಲಿ ಹಳೇ ಮಾತ್ರೆ ಉಳಿದಿರುತ್ತದೆ. ಹೋದ ಸಲ ಒಬ್ಬ ಡಾಕ್ಟರು ಪ್ರೆಡ್ನಿಸೋಲೋನ್ ಎಂಬ ಸ್ಟೀರಾಯ್ಡ್ ಕೊಟ್ಟಿರುತ್ತಾರೆ, ಈ ಸಲ ಇನ್ನೊಬ್ಬರು ಮೆಲೋಕ್ಸಿಕಾಮ್ ಎಂಬ ನೋವಿನ ಮಾತ್ರೆ ಬರೆಯುತ್ತಾರೆ. ಸ್ಟೀರಾಯ್ಡ್ ಮತ್ತು ಈ ಬಗೆಯ ನೋವಿನ ಮಾತ್ರೆ ಒಟ್ಟಿಗೆ ಹೋಗಲೇಬಾರದು. ಹೊಟ್ಟೆ, ಕರುಳಲ್ಲಿ ಹುಣ್ಣಾಗಿ ತೂತೇ ಬೀಳಬಹುದು. ಒಂದರಿಂದ ಇನ್ನೊಂದಕ್ಕೆ ಬದಲಿಸುವಾಗಲೂ ನಡುವೆ ಕೆಲವು ದಿನ ಅಂತರ ಬೇಕು. ಹಾಗಾಗಿ ಈ ವಾರ ನೀವಾಗಿ ಏನೇ ಕೊಟ್ಟಿದ್ದರೂ, ಬೈಸಿಕೊಂಡರೂ ಪರವಾಗಿಲ್ಲ, ಡಾಕ್ಟರಿಗೆ ಹೇಳಿಬಿಡಿ. ಕಪ್ಪು ಟಾರಿನಂಥ ಮಲ, ವಾಂತಿ, ಊಟ ಬಿಡುವುದು ಕಂಡರೆ ಮಾತ್ರೆ ನಿಲ್ಲಿಸಿ ಫೋನ್ ಮಾಡಿ.

ನಮ್ಮ ಐಬುಪ್ರೊಫೆನ್, ಡೈಕ್ಲೊಫೆನಾಕ್ ನಾಯಿಗೆ ವಿಷ. ಜೆಲ್ ಕೂಡ ಬೇಡ, ಹಚ್ಚಿದ್ದನ್ನು ನೆಕ್ಕುತ್ತದೆ. ನಿಮ್ಮ ಮಂಡಿಗೆ ಹಚ್ಚಿಕೊಂಡಿದ್ದರೂ ಎಚ್ಚರ. ನರದ ನೋವಿಗೆ ಗ್ಯಾಬಾಪೆಂಟಿನ್ ಬರೆದಿದ್ದರೆ ಕ್ಯಾಪ್ಸೂಲ್ ಅಥವಾ ಮಾತ್ರೆಯನ್ನೇ ಕೇಳಿ. ಮನುಷ್ಯರ ಕೆಲವು ದ್ರವ ಔಷಧಿಗಳಲ್ಲಿ ಸಿಹಿಗೆ ಜೈಲಿಟಾಲ್ ಹಾಕಿರುತ್ತಾರೆ, ಅದು ನಾಯಿಯ ಸಕ್ಕರೆ ಮಟ್ಟವನ್ನು ಒಮ್ಮೆಲೇ ಕೆಳಗಿಳಿಸುತ್ತದೆ.

ಎಕ್ಸ್‌ರೇ ಸಾಕಾ, ಆಪರೇಷನ್ ಬೇಕಾ?

ಎಕ್ಸ್‌ರೇಯಲ್ಲಿ ಸುಣ್ಣ ಕಟ್ಟಿದ ಡಿಸ್ಕ್ ಬೆಳ್ಳಗೆ ಕಾಣುತ್ತದೆ. ಮೂಳೆ ಮುರಿತ, ಮೂಳೆಯ ಸೋಂಕು ಇವುಗಳನ್ನು ತಳ್ಳಿಹಾಕಲು ಎಕ್ಸ್‌ರೇ ಬೇಕು. ಆದರೆ ಬೆನ್ನುಹುರಿಯನ್ನು ಈಗ ಒತ್ತುತ್ತಿರುವುದು ಯಾವ ಡಿಸ್ಕ್ ಅಂತ ಖಚಿತವಾಗಿ ಹೇಳಲು ಎಂಆರ್‌ಐ ಅಥವಾ ಸಿಟಿ ಬೇಕಾಗುತ್ತದೆ. ಆಪರೇಷನ್ನಿಗೆ ಸಿದ್ಧವಿಲ್ಲದಿದ್ದರೆ ಆ ಖರ್ಚು ತಕ್ಷಣ ಬೇಕೇ ಅಂತ ಡಾಕ್ಟರ ಹತ್ತಿರ ಬಿಚ್ಚಿ ಮಾತಾಡಿ. ಬೆಂಗಳೂರಿನವರಾದರೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ, ಖಾಸಗಿ ಆಸ್ಪತ್ರೆಗಳೂ ಇವೆ. ಬೇರೆ ಊರಿನವರು ಸ್ಕ್ಯಾನ್ ಎಲ್ಲಿ ಸಿಗುತ್ತದೆ, ರಾತ್ರಿ ಯಾರು ಫೋನ್ ಎತ್ತುತ್ತಾರೆ ಅಂತ ನಾಯಿ ಚೆನ್ನಾಗಿರುವಾಗಲೇ ವಿಚಾರಿಸಿಟ್ಟುಕೊಳ್ಳಿ.

ಲೆಕ್ಕ ಹೀಗಿದೆ. 1, 2ನೇ ಮಟ್ಟದಲ್ಲಿ ಹತ್ತರಲ್ಲಿ ಸುಮಾರು ಎಂಟು ನಾಯಿ ಬರೀ ವಿಶ್ರಾಂತಿ ಮತ್ತು ಔಷಧಿಯಲ್ಲೇ ಸುಧಾರಿಸುತ್ತವೆ, ಆದರೆ ಮರುಕಳಿಸುವುದು ಸಾಮಾನ್ಯ. 3ರಿಂದ ಮೇಲೆ ಆಪರೇಷನ್ನಿನ ಮಾತು ಗಟ್ಟಿಯಾಗುತ್ತದೆ. ಆಳದ ನೋವು ಇರುವಾಗ ಮಾಡಿಸಿದರೆ ಹತ್ತರಲ್ಲಿ ಒಂಬತ್ತು ನಾಯಿ ಮತ್ತೆ ನಡೆಯುತ್ತವೆ. ಅದು ಹೋದ ಮೇಲಾದರೆ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ. ಆಪರೇಷನ್ ಇಲ್ಲದಿದ್ದರೆ ತೀರಾ ಕಡಿಮೆ. 5ನೇ ಮಟ್ಟದ ಕೆಲವು ನಾಯಿಗಳಲ್ಲಿ ಬೆನ್ನುಹುರಿಯೇ ಕೊಳೆಯುತ್ತಾ ಮೇಲೆ ಏರುತ್ತದೆ. ಹೊಟ್ಟೆ ಜೋಲು ಬೀಳುತ್ತದೆ, ಜ್ವರ ಬರುತ್ತದೆ, ಮುಂಗಾಲೂ ಸೋಲುತ್ತದೆ. ಅದಕ್ಕೆ ಚಿಕಿತ್ಸೆ ಇಲ್ಲ. ಆಗ ನೋವಿಲ್ಲದೆ ಕಳಿಸಿಕೊಡುವ ಮಾತನ್ನು ಡಾಕ್ಟರೇ ಎತ್ತುತ್ತಾರೆ.

ಆಪರೇಷನ್ ಮಾಡಿಸುವುದಾದರೆ, ಅಕ್ಕಪಕ್ಕದ ಡಿಸ್ಕ್‌ಗಳ ಒಣ ಹೂರಣವನ್ನೂ ತೆಗೆಯುತ್ತೀರಾ ಅಂತ ಕೇಳಿ. ಅದನ್ನು ಫೆನೆಸ್ಟ್ರೇಶನ್ ಅನ್ನುತ್ತಾರೆ. ಮತ್ತೆ ಬರುವುದು ಕಡಿಮೆಯಾಗುತ್ತದೆ.

ಮತ್ತೆ ಮತ್ತೆ ಯಾಕೆ ಬರುತ್ತಿದೆ?

ಹೋದ ಸಲ ವಿಶ್ರಾಂತಿಗೆ ಅಂತ ಇಟ್ಟಿದ್ದ ಪಂಜರದಿಂದ ಎಷ್ಟು ದಿನಕ್ಕೆ ಬಿಟ್ಟಿರಿ ಅಂತ ಮೊದಲು ನೋಡಿ. ಮಾತ್ರೆ ಶುರುವಾದ ಮೂರನೇ ದಿನಕ್ಕೆ ನಾಯಿ ಬಾಲ ಅಲ್ಲಾಡಿಸಿ ಓಡಲು ಬರುತ್ತದೆ. ನೋವು ಮಾತ್ರೆಗೆ ಅಡಗಿದೆ, ಸೀಳಿದ ಕಣಕ ಇನ್ನೂ ಕೂಡಿಲ್ಲ. ಕನಿಷ್ಠ 4 ವಾರ ಕಟ್ಟುನಿಟ್ಟಿನ ವಿಶ್ರಾಂತಿ ಬೇಕು ಅನ್ನುವುದು ಈಗ ಪಶುವೈದ್ಯರ ಒಮ್ಮತ. ವಿಶ್ರಾಂತಿ ಅಂದರೆ ರೂಮಿನಲ್ಲಿ ಬಿಡುವುದಲ್ಲ. ಎದ್ದು, ತಿರುಗಿ, ಕಾಲು ಚಾಚಿ ಮಲಗುವಷ್ಟೇ ಜಾಗ. ಉಚ್ಚೆಗೆ ಹೊರಗೆ ಎತ್ತಿಕೊಂಡು ಹೋಗಿ, ಹಾರ್ನೆಸ್ ಹಾಕಿ, ಹೊಟ್ಟೆಯ ಕೆಳಗೆ ಟವೆಲ್ ಜೋಳಿಗೆ ಹಿಡಿದು ಐದು ನಿಮಿಷ, ಅಷ್ಟೇ.

ಇಲ್ಲಿ ದೊಡ್ಡ ಅಡ್ಡಿ ಮನೆಯವರ ಕರುಣೆ. ನಮ್ಮ ಅತ್ತೆ ದಿನಾ ಪಂಜರದ ಮುಂದೆ ಮಣೆ ಹಾಕಿಕೊಂಡು ಕೂರುತ್ತಿದ್ದರು. "ಪಾಪ ಕಣೇ, ಅದೇನು ತಪ್ಪು ಮಾಡಿದೆ ಅಂತ ಜೈಲಿಗೆ ಹಾಕಿದೀಯಾ?" "ಅತ್ತೆ, ನಿಮ್ಮ ಸೊಂಟದ ಆಪರೇಷನ್ ಆದಾಗ ಮೂರು ವಾರ ಏಳಬೇಡಿ ಅಂದಿದ್ದರಲ್ವಾ?" "ನನಗೆ ಬಾಯಿತ್ತು, ಬೈಕೊಂಡು ಮಲಗಿದ್ದೆ." ಕೊನೆಗೆ ಅವರಿಗೇ ಕೆಲಸ ಒಪ್ಪಿಸಿದೆ. ಸೌತೆಕಾಯಿ ಸಣ್ಣ ಚೂರು ಮಾಡಿ ಹಳೇ ಟವೆಲಿನ ಮಡಿಕೆಯಲ್ಲಿ ಬಚ್ಚಿಡುವುದು, ಅವಳು ಮಲಗಿದಲ್ಲೇ ಮೂಗಲ್ಲಿ ಹುಡುಕುವುದು. ಇಬ್ಬರಿಗೂ ಹೊತ್ತು ಹೋಯಿತು.

ಎರಡನೆಯದು ತೂಕ. ಮೇಲಿನಿಂದ ನೋಡಿದರೆ ಸೊಂಟ ಕಾಣಬೇಕು, ಪಕ್ಕೆಲುಬು ಒತ್ತದೆಯೇ ಬೆರಳಿಗೆ ಸಿಗಬೇಕು. ವಿಶ್ರಾಂತಿಯ ವಾರಗಳಲ್ಲಿ ಊಟ ಕಡಿಮೆ ಮಾಡದಿದ್ದರೆ ತೂಕ ಏರುತ್ತದೆ, ಆ ತೂಕ ಹೊತ್ತು ನಡೆಯಲು ಶುರು ಮಾಡುತ್ತದೆ. ಎಲ್ಲರೂ ತಟ್ಟೆಯಿಂದ ಒಂದೊಂದು ತುತ್ತು ಹಾಕುವ ಮನೆಯಲ್ಲಿ ಡಬ್ಬಿಯ ಅಳತೆ ಸುಳ್ಳು.

ಮೂರನೆಯದು ನೆಲ. ನಯವಾದ ಟೈಲ್ಸ್, ಗ್ರಾನೈಟ್, ಪಾಲಿಶ್ ಮಾಡಿದ ರೆಡ್ ಆಕ್ಸೈಡ್, ಎಲ್ಲ ಒಂದೇ. ಅಡುಗೆಮನೆಯಿಂದ ಬಾಗಿಲ ತನಕ ರಬ್ಬರ್ ತಳದ ಮ್ಯಾಟುಗಳ ದಾರಿ ಮಾಡಿ, ಪಂಜದ ನಡುವಿನ ಕೂದಲು ಕತ್ತರಿಸಿ. ಮಂಚದ ಮೇಲೆ ಮಲಗಿಸುವ ರೂಢಿ ಇದ್ದರೆ ಹಾಸಿಗೆಯನ್ನೇ ನೆಲಕ್ಕೆ ಇಳಿಸಿ. ಇಳಿಜಾರು ಹಲಗೆ ಇಟ್ಟರೂ ಕಾಲಿಂಗ್ ಬೆಲ್ ಹೊಡೆದ ಕೂಡಲೇ ಪಕ್ಕದಿಂದಲೇ ಹಾರುತ್ತವೆ. ಮೆಟ್ಟಿಲಿಗೆ ಮಕ್ಕಳ ಗೇಟು ಹಾಕಿ.

ನಾಲ್ಕನೆಯದು ದೀಪಾವಳಿ. ಪಟಾಕಿ ಸದ್ದಿಗೆ ಬೆದರಿ ಮಂಚದಡಿ ನುಗ್ಗುವ, ಮೇಲಿಂದ ಹಾರುವ ನಾಯಿ ಹಬ್ಬದ ಮರುದಿನ ಕಾಲು ಎಳೆಯಬಹುದು. ಹಬ್ಬಕ್ಕೆ ಒಂದು ವಾರ ಮೊದಲೇ ಭಯ ತಗ್ಗಿಸುವ ಮಾತ್ರೆಯ ಬಗ್ಗೆ ಡಾಕ್ಟರ ಹತ್ತಿರ ಮಾತಾಡಿ. ಸಂಜೆ ಐದಕ್ಕೇ ಪಂಜರಕ್ಕೆ ಬಿಟ್ಟು, ಮೇಲೆ ಕಂಬಳಿ ಹೊದಿಸಿ, ಫ್ಯಾನ್ ಜೋರು ಮಾಡಿ.

ಇವೆಲ್ಲ ಸರಿಯಿದ್ದೂ ಬಂದರೆ? ಬರುತ್ತದೆ. ಒಣಗಿದ ಡಿಸ್ಕ್ ಒಂದೇ ಇರುವುದಿಲ್ಲ, ಸಾಲಾಗಿ ಇರುತ್ತವೆ. ಆಗ ಯಾರನ್ನೂ ಬೈಯುವ ಅಗತ್ಯ ಇಲ್ಲ.

ಬಿಡುವಾಗ

4 ವಾರ ಮುಗಿದು, ನೋವಿನ ಮಾತ್ರೆ ನಿಂತ ಮೇಲೂ ನಾಯಿ ಆರಾಮಾಗಿದ್ದರೆ ಮಾತ್ರ ಮುಂದಿನ ಹೆಜ್ಜೆ. ಮಾತ್ರೆ ನಡೆಯುತ್ತಿರುವಾಗ ಬಿಟ್ಟರೆ ನೀವು ನೋಡುತ್ತಿರುವುದು ಮಾತ್ರೆಯ ಕೆಲಸ. ಮೊದಲ ವಾರ ಹಗ್ಗ ಹಿಡಿದು ಐದು ನಿಮಿಷ ಸಮತಟ್ಟು ನೆಲದಲ್ಲಿ ನಿಧಾನ ನಡಿಗೆ. ಪ್ರತಿ ವಾರ ಐದೈದು ನಿಮಿಷ ಏರಿಸಿ. ನಾಯಿಗಳ ಫಿಸಿಯೋಥೆರಪಿ ಮಾಡುವವರು ಹತ್ತಿರ ಇದ್ದರೆ ಈ ಹಂತದಲ್ಲಿ ತೋರಿಸಿ. ಕಾಲು ಪೂರ್ತಿ ಬಾರದ ನಾಯಿಗೆ ಚಕ್ರದ ಗಾಡಿ ಕಟ್ಟಿದರೆ ಗಲ್ಲಿ ತುಂಬಾ ಓಡಾಡಿಕೊಂಡು ವರ್ಷಗಟ್ಟಲೆ ಇರುತ್ತದೆ. ಮೂತ್ರಚೀಲದ ಕೆಲಸ ಮತ್ತು ಚರ್ಮ ಉಜ್ಜಿ ಗಾಯವಾಗದ ಹಾಗೆ ನೋಡಿಕೊಳ್ಳುವುದು ಮಾತ್ರ ದಿನಾ ತಪ್ಪಬಾರದು.

ವಾರಕ್ಕೊಮ್ಮೆ ಪಂಜ ಮಡಚುವ ಪರೀಕ್ಷೆ ಮಾಡಿ, ವಿಡಿಯೋ ತೆಗೆದಿಡಿ. ನಿಮ್ಮ ನಾಯಿ ಚೆನ್ನಾಗಿದ್ದಾಗ ಹೇಗೆ ನಡೆಯುತ್ತದೆ ಅನ್ನುವ ವಿಡಿಯೋ ಮುಂದಿನ ಸಲ ಡಾಕ್ಟರಿಗೆ ಬಹಳ ಉಪಯೋಗಕ್ಕೆ ಬರುತ್ತದೆ.